ಯಾವುದು ಕಾನ್‌ಸ್ಟೆಂಟ್, ಯಾವುದು ಅಲ್ಲ: ಹೋಂಸ್ಟೇ ಬಿಲ್ಲಿನ ಪಿಎಚ್‌ಪಿ ಲೆಕ್ಕ

ಪ್ರಶ್ನೆ: ನಾನು ಕೊಡಗಿನ ಗೋಣಿಕೊಪ್ಪದವನು. ಸುತ್ತಲಿನ ಮೂರು ಹೋಂಸ್ಟೇಗಳಿಗೆ ಬುಕಿಂಗ್ ಮತ್ತು ಬಿಲ್ ಮಾಡುವ ವೆಬ್‌ಸೈಟನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅದರಲ್ಲೇ ನಮ್ಮ ತೋಟದ ಕಾಫಿ ಮಾರಾಟದ ಲೆಕ್ಕ ಮತ್ತು ಮಳೆ ಲೆಕ್ಕವೂ ಇದೆ. 'ಬದಲಾಗದ್ದನ್ನೆಲ್ಲ ಕಾನ್‌ಸ್ಟೆಂಟ್ ಮಾಡು' ಎಂದು, ಅಂದರೆ ಅದಕ್ಕೊಂದು ಹೆಸರು ಕೊಟ್ಟು ಕೋಡಿನಲ್ಲಿ ಒಂದೇ ಕಡೆ ಬರೆದಿಡು ಎಂದು, ಗೊತ್ತಿರುವವರೊಬ್ಬರು ಹೇಳಿದರು. ಜಿಎಸ್‌ಟಿ ದರ, ರೂಮ್ ಬಾಡಿಗೆ, ಫೋನ್ ನಂಬರ್, ಡೇಟಾಬೇಸ್ ಪಾಸ್‌ವರ್ಡ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಡಿಫೈನ್ ಮಾಡಿಟ್ಟೆ. ಜಿಎಸ್‌ಟಿ ಇಳಿದಾಗ ಆ ಸಾಲನ್ನು ತಿದ್ದಿದೆ. ಈಗ ಹಳೇ ಬಿಲ್ ತೆರೆದರೂ ಹೊಸ ದರವೇ ಬರುತ್ತಿದೆ. ಕೆಲವು ಪುಟಗಳಲ್ಲಿ 'ಈಗಾಗಲೇ ಡಿಫೈನ್ ಆಗಿದೆ' ಎಂಬ ಎಚ್ಚರಿಕೆ ಬೇರೆ. ಕಾನ್‌ಸ್ಟೆಂಟ್ ಮಾಡಲು ಡಿಫೈನ್ ಬಿಟ್ಟು ಕಾನ್ಸ್ಟ್ ಎಂಬ ಪದ ಬಳಸಬೇಕಾ? ಹೆಸರುಗಳನ್ನು ಕನ್ನಡದಲ್ಲೇ ಇಟ್ಟರೆ ತೊಂದರೆಯಾ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹಳೇ ಬಿಲ್‌ನದ್ದೇ ದೊಡ್ಡದು. ಉಳಿದವು ಕೋಡ್ ಬರೆಯುವ ರೀತಿಗೆ ಸೇರಿದವು, ಇದು ದುಡ್ಡಿನ ವಿಷಯ. ಅದರಿಂದಲೇ ಶುರು ಮಾಡುತ್ತೇನೆ.

'ಬದಲಾಗದ್ದನ್ನೆಲ್ಲ ಕಾನ್‌ಸ್ಟೆಂಟ್ ಮಾಡು' ಎಂಬ ಮಾತು ಅರ್ಧ ಮಾತ್ರ ಸರಿ. ಎಷ್ಟು ಹೊತ್ತು ಬದಲಾಗದ್ದು ಎಂದು ಅದು ಹೇಳುವುದಿಲ್ಲ. ಪಿಎಚ್‌ಪಿಯಲ್ಲಿ ಕಾನ್‌ಸ್ಟೆಂಟಿನ ಆಯಸ್ಸು ತುಂಬಾ ಚಿಕ್ಕದು. ಬೆಂಗಳೂರಿನಲ್ಲಿ ಯಾರೋ ನಿಮ್ಮ ಪುಟ ತೆರೆಯುತ್ತಾರೆ. ಸರ್ವರ್ ನಿಮ್ಮ ಕೋಡನ್ನು ಮೊದಲಿನಿಂದ ನಡೆಸುತ್ತದೆ, ಪುಟ ಕಟ್ಟಿ ಕಳಿಸುತ್ತದೆ, ಆಮೇಲೆ ಆ ಪುಟಕ್ಕಾಗಿ ನೆನಪಿಟ್ಟದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಇದೆಲ್ಲ ಸೆಕೆಂಡಿನ ಒಂದು ಚೂರಿನಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ಆ ಹೆಸರಿನ ಬೆಲೆಯನ್ನು (ದುಡ್ಡಲ್ಲ, ಆ ಹೆಸರಿಗೆ ಕೊಟ್ಟ ಅಂಕಿ ಅಥವಾ ಪದವನ್ನು) ಕೋಡಿನ ಯಾವ ಮೂಲೆಯಿಂದಲೂ ತಿದ್ದಲಾಗದು, ಇಷ್ಟೇ ಕಾನ್‌ಸ್ಟೆಂಟ್ ಕೊಡುವ ಭರವಸೆ. ಮುಂದಿನ ಸಲ ಪುಟ ತೆರೆದಾಗ ಅದೇ ಹೆಸರಿಗೆ ಬೇರೆ ಬೆಲೆ ಇರಬಹುದು. ನೀವು ಫೈಲ್ ತಿದ್ದಿದಾಗ ಆಗಿದ್ದೂ ಅದೇ.

ಜಿಎಸ್‌ಟಿ ದರಕ್ಕೆ ಈ ಭರವಸೆ ಸಾಲುವುದಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 12 ಇದ್ದದ್ದು 22 ಸೆಪ್ಟೆಂಬರ್ 2025ರಿಂದ ಶೇ 5 ಆಯಿತು. ಆದರೆ ಆಗಸ್ಟ್‌ನಲ್ಲಿ ಕೊಟ್ಟ ಬಿಲ್ ಎಂದೆಂದಿಗೂ ಶೇ 12ರದ್ದೇ. ಅದನ್ನು ಹತ್ತು ವರ್ಷ ಬಿಟ್ಟು ತೆರೆದರೂ ಶೇ 12 ಅಂತಲೇ ತೋರಿಸಬೇಕು. ನಿಮ್ಮ ಕೋಡ್ ಪ್ರತಿ ಸಲ ಬಿಲ್ ತೋರಿಸುವಾಗಲೂ ತೆರಿಗೆಯನ್ನು ಹೊಸದಾಗಿ ಲೆಕ್ಕ ಹಾಕುತ್ತಿದೆ, ಅದಕ್ಕೇ ಹೀಗಾಗುತ್ತಿದೆ. ಹಳೆಯ ದರಕ್ಕೆ ಒಂದು, ಹೊಸ ದರಕ್ಕೆ ಒಂದು ಎಂದು ಎರಡು ಕಾನ್‌ಸ್ಟೆಂಟ್ ಮಾಡಿ ನಡುವೆ ಒಂದು ಇಫ್ (ಹೀಗಿದ್ದರೆ ಹೀಗೆ ಎಂಬ ಷರತ್ತು) ಹಾಕಬೇಡಿ. ನಾಳೆ ಮೂರನೆಯದು ಬರುತ್ತದೆ.

ಮಾಡಬೇಕಾದ್ದು ಎರಡು ಕೆಲಸ. ಡೇಟಾಬೇಸಿನಲ್ಲಿ ದರಗಳಿಗೆ ಒಂದು ಟೇಬಲ್ ಮಾಡಿ. ದರ ಎಷ್ಟು, ಯಾವ ಬಾಡಿಗೆ ಮಿತಿಯವರೆಗೆ, ಯಾವ ದಿನದಿಂದ ಎಂಬ ಮೂರು ಕಾಲಂ ಅದಕ್ಕೆ ಸಾಕು. ಎರಡನೆಯದು ಇನ್ನೂ ಮುಖ್ಯ. ಬಿಲ್ ಉಳಿಸುವಾಗ ಹಾಕಿದ ದರವನ್ನೂ ತೆರಿಗೆಯ ಮೊತ್ತವನ್ನೂ ಆ ಬಿಲ್‌ನ ಸಾಲಿನಲ್ಲೇ ಬರೆದಿಡಿ. ಹಳೇ ಬಿಲ್ ತೋರಿಸುವ ಪುಟ ಲೆಕ್ಕ ಹಾಕಲೇಬಾರದು, ಬರೆದಿಟ್ಟದ್ದನ್ನು ಓದಿ ತೋರಿಸಬೇಕು ಅಷ್ಟೇ. ಈಗಾಗಲೇ ಕೊಟ್ಟಿರುವ ಬಿಲ್‌ಗಳಿಗೂ ತಾರೀಕು ನೋಡಿ ಆ ದರವನ್ನು ಒಂದು ಸಲ ತುಂಬಿಸಿಬಿಡಿ. ಬದಲಾವಣೆಯ ಆಚೀಚಿನ ದಿನಗಳ ಬಿಲ್‌ಗಳನ್ನು ಮಾತ್ರ ಲೆಕ್ಕ ನೋಡುವ ಆಡಿಟರಿಗೆ ತೋರಿಸಿಯೇ ತುಂಬಿಸಿ. ಮುಂಗಡ ಒಂದು ದಿನ ಬಂದು ಅತಿಥಿ ಇನ್ನೊಂದು ದಿನ ಉಳಿದಿರುತ್ತಾರೆ, ಅಲ್ವಾ? ಅಲ್ಲಿ ಯಾವ ದರ ಎಂಬುದನ್ನು ಕೋಡ್ ಬರೆಯುವವರು ತೀರ್ಮಾನಿಸುವಂತಿಲ್ಲ.

ರೂಮ್ ಬಾಡಿಗೆಯೂ ಕಾನ್‌ಸ್ಟೆಂಟ್ ಅಲ್ಲ. ಮಳೆಗಾಲಕ್ಕೆ ಒಂದು ದರ, ಡಿಸೆಂಬರ್ ರಜೆಗೆ ಇನ್ನೊಂದು, ಶನಿವಾರಕ್ಕೆ ಮತ್ತೊಂದು. ಅದನ್ನು ಹೋಂಸ್ಟೇಯವರೇ ಮೊಬೈಲಿನಿಂದ ಬದಲಿಸುವ ಹಾಗಿರಬೇಕು. ಪ್ರತಿ ಸಲ ನಿಮಗೆ ಫೋನ್ ಮಾಡಿ ಫೈಲ್ ತಿದ್ದಿಸುವ ಹಾಗಿರಬಾರದು. ಕಾಫಿಯ ಬೆಲೆಯಂತೂ ದಿನದಿನಕ್ಕೆ ಬೇರೆ. ಅದು ಟೇಬಲ್‌ಗೇ ಹೋಗಬೇಕು.

ಹಾಗಾದರೆ ಕಾನ್‌ಸ್ಟೆಂಟ್ ಆಗಲು ಏನು ಉಳಿಯಿತು? ನಿಮ್ಮ ಸೈಟಿನಲ್ಲೇ ಒಳ್ಳೆಯ ಉದಾಹರಣೆಗಳಿವೆ. ಹಿರಿಯರ ಮಳೆ ಪುಸ್ತಕದಲ್ಲಿ ಇಂಚು, ಸೆಂಟ್ ಎಂದು ಬರೆದಿರುತ್ತದೆ. ಹೊರಗಿನಿಂದ ಬಂದವರು ಮಿಲಿಮೀಟರ್ ಕೇಳುತ್ತಾರೆ. ಒಂದು ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್. 1959ರಲ್ಲಿ ಕೆಲವು ದೇಶಗಳು ಸೇರಿ ಒಪ್ಪಿಕೊಂಡ ಅಳತೆ ಅದು, ಸರ್ಕಾರ ಬದಲಾದರೂ ಬದಲಾಗದು. ಒಂದು ಸೆಂಟ್ ಮಳೆ ಅದರ ನೂರನೇ ಒಂದು ಪಾಲು. ಕಾಫಿಯ ಬೆಲೆ ಹೇಳುವುದು 50 ಕಿಲೋ ಚೀಲಕ್ಕೆ. ಇದು ವ್ಯಾಪಾರದ ರೂಢಿ, ಇಂಚಿನಷ್ಟು ಗಟ್ಟಿ ಅಲ್ಲ, ಆದರೂ ಕಾನ್‌ಸ್ಟೆಂಟ್ ಮಾಡಲು ಸಾಕಷ್ಟು ಗಟ್ಟಿ. ಕೋಡಿನ ಹತ್ತು ಕಡೆ ಸುಮ್ನೆ 50 ಎಂದು ಬರೆದರೆ ಅದು ಚೀಲದ 50ಯಾ, ಊಟದ 50 ರೂಪಾಯಿಯಾ ಎಂದು ಆರು ತಿಂಗಳ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ಹೆಸರು ಕೊಟ್ಟರೆ ಗೊತ್ತಾಗುತ್ತದೆ. ಕಾನ್‌ಸ್ಟೆಂಟಿನ ನಿಜವಾದ ಲಾಭ ಇದೇ ಎಂದು ನನಗೆ ಅನಿಸುತ್ತದೆ. ಬೆಲೆ ಬದಲಾಗದಂತೆ ಕಾಯುವುದು ಅದರ ನಂತರದ ಮಾತು.

ಈಗ ಡಿಫೈನ್, ಕಾನ್ಸ್ಟ್ ವಿಷಯ. ಇಲ್ಲಿ ಓದಲು ಸುಲಭವಾಗಲಿ ಎಂದು ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ನಿಜವಾದ ಫೈಲಿನಲ್ಲಿ ಡಿಫೈನ್, ಕಾನ್ಸ್ಟ್ ಮೊದಲಾದ ಭಾಷೆಯ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಡಿಫೈನ್('ಚೀಲ_ತೂಕ', 50);
ಕಾನ್ಸ್ಟ್ ಚೀಲ_ತೂಕ = 50;

ಇವೆರಡರಲ್ಲಿ ಯಾವುದಾದರೂ ಒಂದನ್ನು ಬರೆದರೆ ಸಾಕು. ಬಳಸುವಾಗ ಎರಡಕ್ಕೂ ವ್ಯತ್ಯಾಸ ಇಲ್ಲ. ವೇರಿಯಬಲ್‌ನ ಹಾಗೆ ಮುಂದೆ ಡಾಲರ್ ಗುರುತು ಬೇಡ (ವೇರಿಯಬಲ್ ಎಂದರೆ ಬೆಲೆ ಬದಲಿಸಬಹುದಾದ ಹೆಸರು), ಫಂಕ್ಷನ್ (ಹೆಸರು ಹಿಡಿದು ಕರೆಯುವ ಕೋಡಿನ ತುಂಡು) ಒಳಗೂ ನೇರವಾಗಿ ಸಿಗುತ್ತದೆ. ವ್ಯತ್ಯಾಸ ಇರುವುದು ಬೆಲೆ ಯಾವಾಗ ಗೊತ್ತಾಗುತ್ತದೆ ಎಂಬುದರಲ್ಲಿ.

ನಮ್ಮ ಕೊಡಗಿನ ಹಬ್ಬಗಳನ್ನೇ ನೋಡಿ. ಕೈಲ್ ಪೊಳ್ದ್ ಎಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ 3. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಈಗಲೇ ಬರೆಯಬಹುದು, ಯಾರನ್ನೂ ಕೇಳಬೇಕಿಲ್ಲ. ಕಾನ್ಸ್ಟ್ ಹೀಗೆ. ಬೆಲೆ ಕೋಡಿನಲ್ಲೇ ಬರೆದಿರಬೇಕು. ಲೆಕ್ಕ ಹಾಕಿ ಬರೆಯಬಹುದು, ಆದರೆ ಗೊತ್ತಿರುವ ಅಂಕಿ ಮತ್ತು ಬೇರೆ ಕಾನ್‌ಸ್ಟೆಂಟ್‌ಗಳಿಂದ ಮಾತ್ರ. 'ಕಾನ್ಸ್ಟ್ ಟನ್ನಿಗೆ_ಚೀಲ = 1000 / ಚೀಲ_ತೂಕ;' ಎಂದರೆ 20 ಬರುತ್ತದೆ. ಪಿಎಚ್‌ಪಿ 5.6ರಿಂದ ಇದಕ್ಕೆ ಅವಕಾಶ ಇದೆ. ಫಂಕ್ಷನ್ ಕರೆದು ಬೆಲೆ ತರಿಸುವಂತಿಲ್ಲ. ಇಫ್ ಒಳಗೆ, ಲೂಪ್ ಒಳಗೆ, ಫಂಕ್ಷನ್ ಒಳಗೆ ಕಾನ್ಸ್ಟ್ ಬರೆಯುವಂತೆಯೂ ಇಲ್ಲ.

ಸುಗ್ಗಿಯ ಹಬ್ಬ ಹುತ್ತರಿ ಹಾಗಲ್ಲ. ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಮುಹೂರ್ತ ಗೊತ್ತು ಮಾಡುತ್ತಾರೆ. ಗೊತ್ತು ಮಾಡಿದ ಮೇಲೆ ಆ ವರ್ಷಕ್ಕೆ ಅದೇ ಗಟ್ಟಿ. ಮುಂದಿನ ವರ್ಷಕ್ಕೆ ಮತ್ತೆ ನೋಡಬೇಕು. ಡಿಫೈನ್ ಹೀಗೆ. ಕೋಡ್ ನಡೆಯುತ್ತಿರುವಾಗ ಬೆಲೆ ತೀರ್ಮಾನ ಆಗುತ್ತದೆ. ಇಫ್ ಒಳಗೂ ಬರೆಯಬಹುದು, ಫಂಕ್ಷನ್ ಕರೆದು ಬಂದದ್ದನ್ನೂ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಆ ಪುಟ ಮುಗಿಯುವವರೆಗೆ ಅದೇ. ಉದಾಹರಣೆಗೆ ಸೈಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದೆಯಾ, ಸರ್ವರಿನಲ್ಲಿ ನಡೆಯುತ್ತಿದೆಯಾ ಎಂದು ನೋಡಿ ಅದಕ್ಕೆ ತಕ್ಕ ವಿಳಾಸವನ್ನು ಕಾನ್‌ಸ್ಟೆಂಟ್ ಮಾಡಬೇಕಿದ್ದರೆ ಡಿಫೈನ್ ಬೇಕು.

ನನ್ನ ಸಲಹೆ: ಮೊದಲೇ ಗೊತ್ತಿರುವುದಕ್ಕೆಲ್ಲ ಕಾನ್ಸ್ಟ್, ನಡೆಯುವಾಗ ಗೊತ್ತಾಗುವುದಕ್ಕೆ ಮಾತ್ರ ಡಿಫೈನ್. ಮಳೆ, ಚೀಲದ ಲೆಕ್ಕಕ್ಕೆ ಕಾನ್ಸ್ಟ್ ಹಾಕಿ. ಓದುವವರಿಗೆ 'ಇದು ಇಲ್ಲೇ ಬರೆದಿದೆ, ಬೇರೆಲ್ಲೂ ಹುಡುಕಬೇಕಿಲ್ಲ' ಎಂದು ಆ ಪದವೇ ಹೇಳುತ್ತದೆ.

ಎಚ್ಚರಿಕೆ ಬರುತ್ತಿರುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ. ಕಾನ್‌ಸ್ಟೆಂಟ್ ಫೈಲನ್ನು ಎರಡು ಸಲ ಸೇರಿಸಿಕೊಂಡಿರುತ್ತೀರಿ. ಬಿಲ್ ಪುಟ ಅದನ್ನು ಇನ್‌ಕ್ಲೂಡ್ ಮಾಡುತ್ತದೆ, ಪುಟದ ಮೇಲ್ಭಾಗದ ಫೈಲೂ ಮಾಡುತ್ತದೆ. ಎಲ್ಲ ಕಡೆ ರಿಕ್ವೈರ್_ಒನ್ಸ್ ಬಳಸಿದರೆ ಒಂದೇ ಸಲ ಬರುತ್ತದೆ. ಎಚ್ಚರಿಕೆಯನ್ನು ಕಾಣದಂತೆ ಮಾಡಿ ಸುಮ್ಮನಿರಬೇಡಿ. ಎರಡನೇ ಸಲ ಡಿಫೈನ್ ಮಾಡಿದಾಗ ಪಿಎಚ್‌ಪಿ ಹೊಸ ಬೆಲೆ ತೆಗೆದುಕೊಳ್ಳುವುದಿಲ್ಲ, ಮೊದಲಿನದ್ದೇ ಉಳಿಯುತ್ತದೆ. ನಾಳೆ ನೀವು ಎರಡನೇ ಫೈಲಿನಲ್ಲಿ ಬೆಲೆ ತಿದ್ದಿ, ಯಾಕೆ ಬದಲಾಗುತ್ತಿಲ್ಲ ಎಂದು ಇಡೀ ಸಂಜೆ ಕೂರಬೇಕಾಗುತ್ತದೆ. ಬೇರೆಯವರ ಪ್ಲಗಿನ್ ಜೊತೆ ಹೆಸರು ಡಿಕ್ಕಿ ಆಗುವುದೂ ಉಂಟು. ನಿಮ್ಮ ಹೆಸರುಗಳ ಮುಂದೆ ಸೈಟಿನದ್ದೇ ಎರಡು ಮೂರು ಅಕ್ಷರ ಸೇರಿಸಿಕೊಳ್ಳಿ.

ಇನ್ನು ನೀವು ಕೇಳದ ಒಂದು ವಿಷಯ. ನಿಮ್ಮ ಸರ್ವರಿನಲ್ಲಿ ಯಾವ ಪಿಎಚ್‌ಪಿ ಇದೆ ಎಂದು ಇವತ್ತೇ ನೋಡಿ. 8ಕ್ಕಿಂತ ಹಳೆಯದಾಗಿದ್ದರೆ ಕಾನ್‌ಸ್ಟೆಂಟಿನ ಹೆಸರು ತಪ್ಪಾಗಿ ಬರೆದಾಗ ದೊಡ್ಡ ಅಪಾಯ ಇದೆ. ಪಿಎಚ್‌ಪಿ 5ರ ಕಾಲದಲ್ಲಿ ನಾನು ಒಂದು ತೋಟದ ಕಾಫಿ ರಸೀದಿಯ ಕೆಲಸ ಮಾಡಿಕೊಟ್ಟಿದ್ದೆ. ಒಂದು ಕಡೆ 'ಚೀಲ_ತೂಕ' ಬದಲು 'ಚೀಲ_ತುಕ' ಎಂದಾಗಿತ್ತು. ಅಂಥ ಕಾನ್‌ಸ್ಟೆಂಟ್ ಇಲ್ಲ ಎಂದು ಭಾಷೆ ನಿಲ್ಲಬೇಕಿತ್ತು. ಆಗಿನ ಪಿಎಚ್‌ಪಿ ನಿಲ್ಲುತ್ತಿರಲಿಲ್ಲ. ಆ ಹೆಸರನ್ನೇ ಒಂದು ಪದ ಎಂದುಕೊಂಡು ಮುಂದೆ ಹೋಗುತ್ತಿತ್ತು. ಪದವನ್ನು ಚೀಲದ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಸೊನ್ನೆ. ಒಂದು ಸಣ್ಣ ಸೂಚನೆ ಬರುತ್ತಿತ್ತು, ಅದನ್ನು ಸರ್ವರಿನಲ್ಲಿ ಮರೆಮಾಡಲಾಗಿತ್ತು. 20 ಚೀಲ ಕೊಟ್ಟ ಬೆಳೆಗಾರರೊಬ್ಬರ ಕೈಗೆ ಸೊನ್ನೆ ಕಿಲೋ ಎಂಬ ರಸೀದಿ ಹೋಯಿತು. ವರ್ಷವಿಡೀ ದುಡಿದು ಬೆಳೆದ ಕಾಫಿ ಅದು. ಅವರು ರಸೀದಿ ಹಿಡಿದು ಬಂದು ಕೇಳಿದಾಗ ನನಗೆ ತುಂಬಾ ಬೇಸರವಾಯಿತು. ಅಂದಿನಿಂದ ಎಚ್ಚರಿಕೆಗಳನ್ನು ಪುಟದಲ್ಲಿ ತೋರಿಸದಿದ್ದರೂ ಲಾಗ್ ಫೈಲಿಗೆ ಬರೆಸುವುದನ್ನು ನಾನು ಒಂದು ಸಲವೂ ಬಿಟ್ಟಿಲ್ಲ.

7.2ರಲ್ಲಿ ಆ ಸೂಚನೆಯನ್ನು ದೊಡ್ಡ ಎಚ್ಚರಿಕೆ ಮಾಡಿದರು. ನವೆಂಬರ್ 2020ರಲ್ಲಿ ಬಂದ 8.0ರಲ್ಲಿ ಹಾಗೆ ಊಹಿಸುವುದನ್ನೇ ತೆಗೆದುಹಾಕಿದರು. ಈಗ ಇಲ್ಲದ ಕಾನ್‌ಸ್ಟೆಂಟ್ ಬಳಸಿದರೆ ಕೋಡ್ ಅಲ್ಲೇ ತಪ್ಪು ಹೇಳಿ ನಿಲ್ಲುತ್ತದೆ. ಸೊನ್ನೆ ಕಿಲೋ ರಸೀದಿ ಕೊಡುವುದಕ್ಕಿಂತ ಪುಟ ನಿಲ್ಲುವುದು ಎಷ್ಟೋ ಮೇಲು. ಅದೇ 8.0ರಲ್ಲಿ ಡಿಫೈನ್‌ನ ಬ್ರಾಕೆಟ್ಟಿನೊಳಗೆ ಮೂರನೆಯದಾಗಿ ಕೊಡುತ್ತಿದ್ದ ಸೂಚನೆಯೂ ಹೋಯಿತು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡನ್ನೂ ಒಂದೇ ಎಂದು ನೋಡು ಎಂದು ಹೇಳುತ್ತಿದ್ದದ್ದು ಅದು. ಹಳೇ ಪುಸ್ತಕ ನೋಡಿ ಬರೆದಿದ್ದರೆ ಅದನ್ನು ತೆಗೆಯಿರಿ.

ಫೋನ್ ನಂಬರ್ ವಿಷಯಕ್ಕೆ ಬರೋಣ. ಮಡಿಕೇರಿಯ ಎಸ್‌ಟಿಡಿ ಕೋಡ್ 08272, ವಿರಾಜಪೇಟೆಯದ್ದು 08274. ಇದನ್ನು ಉದ್ಧರಣ ಚಿಹ್ನೆ ಇಲ್ಲದೆ ಅಂಕಿಯಾಗಿ ಬರೆದರೆ ಕೆಡುತ್ತದೆ. ಪಿಎಚ್‌ಪಿಯಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಎಂದರೆ ಎಂಟರ ಲೆಕ್ಕ. ಆ ಲೆಕ್ಕದಲ್ಲಿ 0ಯಿಂದ 7ರವರೆಗೆ ಮಾತ್ರ ಇರುತ್ತದೆ, 8 ಎಂಬ ಅಂಕಿಯೇ ಇಲ್ಲ. ಪಿಎಚ್‌ಪಿ 7ರಿಂದ ಇದಕ್ಕೆ ಫೈಲೇ ನಡೆಯುವುದಿಲ್ಲ. 5ರಲ್ಲಿ ಸದ್ದಿಲ್ಲದೆ ಸೊನ್ನೆ ಆಗುತ್ತಿತ್ತು. ಕೂಡಿಸಿ ಕಳೆಯದ ಅಂಕಿಗಳೆಲ್ಲ, ಅಂದರೆ ಫೋನ್, ಪಿನ್‌ಕೋಡ್, ಜಿಎಸ್‌ಟಿ ನಂಬರ್, ಉದ್ಧರಣ ಚಿಹ್ನೆಯೊಳಗೇ ಇರಲಿ. ಅವು ಕಾನ್‌ಸ್ಟೆಂಟ್ ಆಗಬಹುದು, ತೊಂದರೆ ಇಲ್ಲ. ಇನ್ನೊಂದು ಸಣ್ಣ ವಿಷಯ. ಡಬಲ್ ಕೋಟ್ ಒಳಗೆ ವೇರಿಯಬಲ್ ಬರೆದರೆ ಬೆಲೆ ಬರುತ್ತದೆ, ಕಾನ್‌ಸ್ಟೆಂಟ್ ಬರೆದರೆ ಬರೀ ಹೆಸರೇ ಬರುತ್ತದೆ. ಚುಕ್ಕಿ ಹಾಕಿ ಜೋಡಿಸಬೇಕು.

ಪಾಸ್‌ವರ್ಡ್ ಮಾತ್ರ ಆ ಫೈಲಿನಿಂದ ಇವತ್ತೇ ಹೊರಗೆ ಹೋಗಲಿ. ಕಾನ್‌ಸ್ಟೆಂಟ್ ಇಡೀ ಕೋಡಿಗೆ ಕಾಣುತ್ತದೆ, ನೀವು ಸೇರಿಸಿದ ಬೇರೆಯವರ ಕೋಡಿಗೂ ಕಾಣುತ್ತದೆ. ಎಲ್ಲ ಕಾನ್‌ಸ್ಟೆಂಟ್‌ಗಳ ಪಟ್ಟಿ ಕೊಡುವ ಫಂಕ್ಷನ್ ಭಾಷೆಯಲ್ಲೇ ಇದೆ. ಸರ್ವರಿನ ಸೆಟ್ಟಿಂಗ್ ಎಂದಾದರೂ ಕೆಟ್ಟು ಪಿಎಚ್‌ಪಿ ನಡೆಯದೆ ಹೋದರೆ, ವೆಬ್ ಫೋಲ್ಡರಿನೊಳಗಿನ ಫೈಲು ಬರೀ ಅಕ್ಷರವಾಗಿ ಯಾರ ಬ್ರೌಸರಿನಲ್ಲಾದರೂ ತೆರೆದುಕೊಳ್ಳಬಹುದು. ವರ್ಡ್‌ಪ್ರೆಸ್ ಕೂಡ ಡೇಟಾಬೇಸ್ ಪಾಸ್‌ವರ್ಡನ್ನು ಡಿಫೈನ್ ಮಾಡಿಯೇ ಇಡುತ್ತದೆ ಎಂದು ನೀವು ಹೇಳಬಹುದು. ನಿಜ, ಆದರೆ ಆ ಫೈಲನ್ನು ಒಂದು ಫೋಲ್ಡರ್ ಮೇಲಕ್ಕೆ ಇಡಲು ಅದರಲ್ಲಿ ಅವಕಾಶ ಇದೆ. ನೀವೂ ಹಾಗೆ ಮಾಡಿ. ಹೋಸ್ಟಿಂಗ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ (ಕೋಡಿನ ಹೊರಗೆ ಸರ್ವರಿನ ಸೆಟ್ಟಿಂಗಿನಲ್ಲಿ ಇಡುವ ಬೆಲೆ) ಇಡಲು ಜಾಗ ಇದ್ದರೆ ಅದು ಇನ್ನೂ ಒಳ್ಳೆಯದು. ಗಿಟ್‌ಗೆ (ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ವ್ಯವಸ್ಥೆ) ಈಗಾಗಲೇ ಹಾಕಿದ್ದರೆ ಫೈಲ್ ಅಳಿಸಿದರೆ ಸಾಲದು, ಹಳೆಯ ಪ್ರತಿಗಳಲ್ಲಿ ಉಳಿದಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ.

ಕಾಫಿ ಲೆಕ್ಕಕ್ಕೆ ಇನ್ನೊಂದು ಸಲಹೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ಈ ನಾಲ್ಕಕ್ಕೆ ನಾಲ್ಕು ಬಿಡಿ ಕಾನ್‌ಸ್ಟೆಂಟ್ ಮಾಡಬೇಡಿ. ಒಂದು ಗುಂಪಿಗೆ ಸೇರಿದವು ಒಂದೇ ಕಡೆ ಇರಬೇಕು. ನಿಮ್ಮ ಪಿಎಚ್‌ಪಿ 8.1 ಅಥವಾ ಅದಕ್ಕಿಂತ ಹೊಸದಿದ್ದರೆ ಈನಮ್ (ಇಷ್ಟೇ ಬಗೆಗಳು ಎಂದು ಮೊದಲೇ ಹೆಸರಿಸಿಟ್ಟ ಗುಂಪು) ಬಳಸಿ. ಮಾರಾಟ ಉಳಿಸುವ ಫಂಕ್ಷನ್ 'ನನಗೆ ಕಾಫಿಯ ಬಗೆಯೇ ಬೇಕು' ಎಂದು ಕೇಳಬಹುದು. ಯಾರಾದರೂ ಸುಮ್ನೆ 'ರೋಬಸ್ಟ ಚೆರ್ರಿ' ಎಂದು ಬರೆದುಕೊಟ್ಟರೆ ಅದು ಒಪ್ಪುವುದಿಲ್ಲ. ಒಂದೇ ಬಗೆಯನ್ನು ಮೂರು ಜನ ಮೂರು ಕಾಗುಣಿತದಲ್ಲಿ ಬರೆದು ವರ್ಷದ ಕೊನೆಗೆ ಒಟ್ಟು ಲೆಕ್ಕ ತಾಳೆಯಾಗದ್ದನ್ನು ನಾನು ನೋಡಿದ್ದೇನೆ. ಈನಮ್ ಇದ್ದರೆ ಆ ತಪ್ಪು ಒಳಗೆ ಬರುವುದೇ ಇಲ್ಲ. 8.1 ಸಿಗದಿದ್ದರೆ ಒಂದು ಕ್ಲಾಸ್ ಮಾಡಿ ಅದರೊಳಗೆ ಕಾನ್ಸ್ಟ್ ಇಡಿ, ಪಿಎಚ್‌ಪಿ 5ರಿಂದಲೂ ಇದೆ. 7.1ರಿಂದ ಹೊರಗಿನವರಿಗೆ ಕಾಣದಂತೆ ಪ್ರೈವೇಟ್ ಮಾಡಬಹುದು. 8.3ರಿಂದ ಅದು ಅಂಕಿಯೇ ಆಗಿರಬೇಕು ಎಂದು ಬಗೆಯನ್ನೂ ಬರೆಯಬಹುದು.

ತಾಲ್ಲೂಕಿನ ಪಟ್ಟಿಗೆ ಅರೇ (ಒಂದೇ ಹೆಸರಿನಡಿ ಹಲವು ಬೆಲೆಗಳ ಸಾಲು) ಕಾನ್‌ಸ್ಟೆಂಟ್ ಸಾಕು. ನಾವು ಚಿಕ್ಕವರಿದ್ದಾಗ ಕೊಡಗಿಗೆ ಮೂರೇ ತಾಲ್ಲೂಕು, ಈಗ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು. ಇದೂ ಬದಲಾಗಿದೆಯಲ್ಲ ಎಂದರೆ, ಹೌದು. ಆದರೆ ಇದು ಬದಲಾದದ್ದು ದಶಕಗಳಿಗೆ ಒಮ್ಮೆ. ಆಗ ಫೈಲ್ ತಿದ್ದಿ ಪಟ್ಟಿಗೆ ಎರಡು ಹೆಸರು ಸೇರಿಸಿದರೆ ಹಳೇ ಬಿಲ್ ಯಾವುದೂ ಕೆಡುವುದಿಲ್ಲ. ಜಿಎಸ್‌ಟಿಯಲ್ಲಿ ಕೆಡುತ್ತದೆ. ಯಾವುದನ್ನಾದರೂ ಕಾನ್‌ಸ್ಟೆಂಟ್ ಮಾಡುವ ಮೊದಲು ನಾನು ಇದೊಂದನ್ನೇ ಕೇಳಿಕೊಳ್ಳುತ್ತೇನೆ: ಇದನ್ನು ನಾಳೆ ತಿದ್ದಿದರೆ ನಿನ್ನೆಯ ದಾಖಲೆ ಸುಳ್ಳಾಗುತ್ತದಾ?

ಕೊನೆಗೆ ಕನ್ನಡ ಹೆಸರುಗಳ ವಿಷಯ. ಪಿಎಚ್‌ಪಿಯಲ್ಲಿ ಕನ್ನಡ ಅಕ್ಷರದ ಹೆಸರು ನಡೆಯುತ್ತದೆ. 'ಚೀಲ_ತೂಕ' ಎಂದು ನಾನು ಮೇಲೆ ಬರೆದದ್ದು ನಿಜವಾದ ಫೈಲಿನಲ್ಲೂ ಹಾಗೇ ಕೆಲಸ ಮಾಡುತ್ತದೆ. ನಮ್ಮ ಭಾಷೆಯಲ್ಲಿ ಹೆಸರಿಡುವ ಆಸೆ ನನಗೂ ಇದೆ. ಆದರೆ ಎರಡು ತೊಡಕು. ಕಾನ್‌ಸ್ಟೆಂಟ್ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯುವುದು ಎಲ್ಲರ ರೂಢಿ. ನೋಡಿದ ಕೂಡಲೇ ಇದು ಕಾನ್‌ಸ್ಟೆಂಟ್ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಇಲ್ಲ. ಎರಡನೆಯದು ಕಣ್ಣಿಗೆ ಕಾಣದ್ದು. 'ಔಟ್‌ಟರ್ನ್' ಎಂಬ ಹೆಸರು ಇಡುತ್ತೀರಿ ಎಂದುಕೊಳ್ಳಿ. ಒಣಗಿದ ಚೆರಿಯ 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕ, ನಿಮಗೆ ಗೊತ್ತೇ ಇದೆ. ಅದರಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ನಡುವೆ ಒಂದು ಕಾಣದ ಅಕ್ಷರ ಸೇರಿಸುತ್ತದೆ. ಆ ಅಕ್ಷರ ಪದದ ಕೊನೆಯಲ್ಲೂ ಸೇರಿಕೊಳ್ಳುವುದುಂಟು. ಒಂದು ಕೀಬೋರ್ಡಿನಲ್ಲಿ ಹಾಗಾಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ತೆರೆಯ ಮೇಲೆ ಎರಡೂ ಒಂದೇ ಥರ, ಪಿಎಚ್‌ಪಿಗೆ ಅವು ಎರಡು ಬೇರೆ ಹೆಸರು.

ಕನ್ನಡದಲ್ಲೇ ಇಡುವ ಮನಸ್ಸಿದ್ದರೆ 'ಚೀಲ_ತೂಕ'ದ ಹಾಗೆ ಅರ್ಧಾಕ್ಷರ ಇಲ್ಲದ ಪದಗಳನ್ನು ಆರಿಸಿ. 'ಇಂಥ ಕಾನ್‌ಸ್ಟೆಂಟ್ ಇಲ್ಲ' ಎಂಬ ತಪ್ಪು ಬಂದು, ಹೆಸರು ಸರಿಯಾಗಿಯೇ ಕಂಡರೆ, ಎರಡೂ ಕಡೆಯ ಹೆಸರನ್ನು ಕಾಪಿ ಮಾಡಿ ಸ್ಟ್ರ್‌ಲೆನ್ ಫಂಕ್ಷನ್‌ಗೆ ಕೊಟ್ಟು ಉದ್ದ ಎಷ್ಟು ಬೈಟ್ ಎಂದು ನೋಡಿ. ಒಂದು ಇನ್ನೊಂದಕ್ಕಿಂತ ಸರಿಯಾಗಿ 3 ಜಾಸ್ತಿ ಬಂದರೆ ಆ ಕಾಣದ ಅಕ್ಷರ ಸೇರಿಕೊಂಡಿದೆ ಎಂದೇ ಲೆಕ್ಕ. ಹೆಸರನ್ನು ಪೂರ್ತಿ ಅಳಿಸಿ ಮತ್ತೆ ಟೈಪ್ ಮಾಡಿ.